ರೈಫಲ್ ಶುಚಿ ಮಾಡಲು ಯಾವ ಸಾಮಾನು ಕೊಳ್ಳಬೇಕು?

ಮೊದಲು ನಳಿಕೆಯೊಳಗೆ ಬ್ರಶ್, ಬಟ್ಟೆ ತೂರಿಸಲು ಒಳ್ಳೆಯ ರಾಡ್ ಕೊಳ್ಳಿ, ಮಿಕ್ಕಿದ್ದಕ್ಕೆ ಜಾಸ್ತಿ ಖರ್ಚಿಲ್ಲ. ತುಂಡು ತುಂಡು ಜೋಡಿಸುವ ರಾಡ್ ಬೇಡ. ಪ್ಲಾಸ್ಟಿಕ್ ಲೇಪವಿರುವ, ಒಂದೇ ತುಂಡಿನ ಉಕ್ಕಿನ ರಾಡ್ ಇರಲಿ.

ಯಾಕೆಂದರೆ ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ನಳಿಕೆಯ ಬಾಯಿಯ ಅಂಚನ್ನು. ತುಂಡು ಜೋಡಿಸಿದ ರಾಡ್ ಬಾಗುತ್ತದೆ, ಅದು ಅಲ್ಲಿ ಉಜ್ಜುತ್ತಾ ಇದ್ದರೆ ಅಂಚು ಒಂದು ಕಡೆ ಸವೆಯುತ್ತದೆ. ಆಗ ಗುಂಡಿನ ಹಿಂದಿನ ಬಿಸಿ ಅನಿಲ ಆ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಗುರಿ ಕೆಡುತ್ತದೆ. ಅದಕ್ಕೇ ಬೋಲ್ಟ್ (ಗುಂಡು ತುಂಬಲು ಕೈಯಿಂದ ಹಿಂದೆ ಮುಂದೆ ಎಳೆಯುವ ಭಾಗ) ಇರುವ ರೈಫಲ್ ಆದರೆ, ಖಾಲಿ ಇದೆಯೇ ಎಂದು ನೋಡಿಕೊಂಡು, ಬೋಲ್ಟ್ ಹೊರತೆಗೆದು ಹಿಂದಿನಿಂದಲೇ ರಾಡ್ ತೂರಿಸಿ.

ಬ್ರಶ್ ಕಂಚಿನದಿರಲಿ, ಉಕ್ಕಿನದು ಬೇಡ. ಅಳತೆ ಸರಿಹೊಂದಬೇಕು: .315 (ಇಂಚು) ರೈಫಲ್‌ಗೆ 8 ಮಿ.ಮೀ. ಬ್ರಶ್. ಮಸಿ ಕರಗಿಸಲು ಸಾಲ್ವೆಂಟ್ ಎಂಬ ದ್ರಾವಣ ಬೇಕು. ಒರೆಸಲು ಹಳೇ ಕಾಟನ್ ಬನಿಯನ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ.

ಕೊನೆಗೆ ತೆಳುವಾಗಿ ಗನ್ ಆಯಿಲ್. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಬರಬರುತ್ತಾ ಅಂಟಾಗುತ್ತದೆ. ಕೊಡಗಿನಂಥ ಕಡೆ ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಗೆ ಮಾತ್ರ ಕೋವಿ ಒರೆಸಿದರೆ ಸಾಲದು. ಮಳೆಗಾಲದಲ್ಲಿ ಆಗಾಗ ತೆಗೆದು ನೋಡಿ. ಹಾರಿಸುವ ಮುನ್ನ ನಳಿಕೆಯೊಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಒರೆಸಿಬಿಡಿ.