ಸೋಲಾರ್ ಬ್ಯಾಟರಿ ತುಂಬಿಸುವ ಹೊತ್ತು ಯಾವುದು?

ಮಧುಗಿರಿ ಅಣ್ಣ, 3 ಕಿಲೋವ್ಯಾಟ್ ಸೋಲಾರ್ ಜೊತೆ 5 ಯೂನಿಟ್ಟಿನ ಬ್ಯಾಟರಿ ಹಾಕಿಸಿದರೆ ಬಿಲ್ ಇಳಿಯುತ್ತಾ, ಊರಿಗೆಲ್ಲ ಕರೆಂಟು ಹಂಚುವ ಲೈನಿನ ಜಾಲಕ್ಕೂ, ಅಂದರೆ ಗ್ರಿಡ್‌ಗೂ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ.

ನೆಟ್ ಮೀಟರ್ ಇದ್ದರೆ ಬ್ಯಾಟರಿಯಿಂದ ಬಿಲ್ ಇಳಿಯುವುದಿಲ್ಲ. ಮಧ್ಯಾಹ್ನ ಲೈನಿಗೆ ಕೊಟ್ಟ ಯೂನಿಟ್ಟು ರಾತ್ರಿ ತಗೊಂಡಿದ್ದಕ್ಕೆ ವಜಾ ಆಗುತ್ತದೆ. ಅದನ್ನೇ ಬ್ಯಾಟರಿಗೆ ತುಂಬಿ ತೆಗೆದರೆ ನೂರಕ್ಕೆ ಹತ್ತರಷ್ಟು ಸೋರಿಯೇ ಹೋಗುತ್ತದೆ. ಮನೆ ಸೋಲಾರಿಗೆ ಕೇಂದ್ರ ಸರ್ಕಾರ ಕೊಡುವ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಯೂ ಬ್ಯಾಟರಿಗೆ ಸಿಗುವುದಿಲ್ಲ. ಕರೆಂಟು ಹೋದಾಗ ಮನೆ ನಡೆಯಲಿ ಅನ್ನುವುದಾದರೆ ಮಾತ್ರ ಹಾಕಿಸಿ.

ಗ್ರಿಡ್‌ಗೆ ಉಪಯೋಗ ಇದೆ, ಆದರೆ ಇನ್ವರ್ಟರ್ ಸೆಟ್ಟಿಂಗ್ ಬದಲಿಸಬೇಕು. ಮಧ್ಯಾಹ್ನ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕೂ ಊರಿನ ಛಾವಣಿಗಳೂ ಒಟ್ಟಿಗೆ ಕರೆಂಟು ಕೊಡುತ್ತವೆ. ಸಂಜೆ ಆರರ ಹೊತ್ತಿಗೆ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ, ಆಗಲೇ ಮನೆಮನೆಯಲ್ಲಿ ದೀಪ, ಟಿವಿ ಶುರು. ಕಷ್ಟ ಇರುವುದು ಆರರಿಂದ ಹತ್ತರವರೆಗೆ.

ಸುಮ್ನೆ ಬಿಟ್ಟರೆ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಲೈನು ಮೂರನ್ನೂ ನೋಡಿಕೊಳ್ಳುವ ಪೆಟ್ಟಿಗೆ) ಬಿಸಿಲು ಬಿದ್ದ ತಕ್ಷಣ ಬ್ಯಾಟರಿ ತುಂಬಲು ಶುರು ಮಾಡುತ್ತದೆ. ಬೇಸಿಗೆಯಲ್ಲಿ ಹನ್ನೊಂದರೊಳಗೆ ತುಂಬಿಬಿಡುತ್ತದೆ. ಆಮೇಲೆ ನಡು ಮಧ್ಯಾಹ್ನದ್ದೆಲ್ಲ ಲೈನಿಗೆ ನುಗ್ಗುತ್ತದೆ. ಬೀದಿಯಲ್ಲಿ ನಾಲ್ಕಾರು ಮನೆಗೆ ಪ್ಯಾನೆಲ್ ಇದ್ದರೆ ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ದೂರದ ಮನೆಗಳಲ್ಲಿ ವೋಲ್ಟೇಜ್ ಏರಿ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ನಷ್ಟ ನಮಗೇ ಅಲ್ವಾ?

ಹಾಗಾಗಿ ಚಾರ್ಜಿಂಗ್ ಹೊತ್ತನ್ನು 11ರಿಂದ 3 ಅಂತ ಇಡಿ. 51 ವೋಲ್ಟಿನ ಲಿಥಿಯಂ ಬ್ಯಾಟರಿಗೆ ಚಾರ್ಜಿಂಗ್ ಕರೆಂಟ್ 25 ಆಂಪ್ ಇಟ್ಟರೆ ಪೂರ್ತಿ ಖಾಲಿಯಾಗಿದ್ದರೂ ನಾಲ್ಕು ಗಂಟೆಯಲ್ಲಿ ನಿಧಾನವಾಗಿ ತುಂಬುತ್ತದೆ. ಸಂಜೆ 6ರಿಂದ 10 ಮನೆ ಲೋಡ್ ಬ್ಯಾಟರಿಯಿಂದ ನಡೆಯಲಿ. ಬ್ಯಾಟರಿ ಶೇಕಡಾ 40ಕ್ಕೆ ಇಳಿದಾಗ ನಿಲ್ಲಿಸಿ, ಉಳಿದದ್ದು ಕರೆಂಟು ಹೋದಾಗಿನ ಪಾಲು. ಮೋಡದ ದಿನಗಳಲ್ಲಿ ಇನ್ನೂ ಜಾಸ್ತಿ ಉಳಿಸಿಕೊಳ್ಳಿ. ಬೋರ್‌ವೆಲ್ ಮೋಟರ್ ಇದರ ಮೇಲೆ ಹಾಕಬೇಡಿ. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್, ಶುರುವಾಗುವಾಗ ಅದಕ್ಕೂ ಎಷ್ಟೋ ಪಟ್ಟು ಎಳೆಯುತ್ತದೆ. ಬ್ಯಾಟರಿಯಿಂದ ಲೈನಿಗೆ ಕರೆಂಟು ಬಿಡುವ ಆಯ್ಕೆ ಆಫ್ ಇರಲಿ. ಬೇಕಿದ್ದರೆ ಮೊದಲು ಬೆಸ್ಕಾಂ ಸಬ್‌ ಡಿವಿಷನ್ ಆಫೀಸಿನಲ್ಲಿ ಕೇಳಿ.

ಅಮೆರಿಕದ ವರ್ಮಾಂಟ್‌ನಲ್ಲಿ ವಿದ್ಯುತ್ ಕಂಪನಿಯೇ ಬೇಡಿಕೆ ಏರಿದಾಗ ಸಾವಿರಾರು ಮನೆಗಳ ಬ್ಯಾಟರಿಯನ್ನು ದೂರದಿಂದಲೇ ಒಟ್ಟಿಗೆ ನಡೆಸುತ್ತದೆ. ನಮ್ಮ ಬೀದಿಗೆ ಸದ್ಯಕ್ಕೆ ಮಾತಾಡಿಕೊಂಡರೆ ಸಾಕು: ವಾಷಿಂಗ್ ಮೆಷಿನ್, ಇಸ್ತ್ರಿ, ಸಂಪಿನ ಮೋಟರ್ ಎಲ್ಲ ಮಧ್ಯಾಹ್ನಕ್ಕೆ.

ಸೆಟ್ಟಿಂಗ್ ಪಾಸ್‌ವರ್ಡನ್ನು ಎಷ್ಟೋ ಸಲ ಹಾಕಿಸುವವರೇ ಇಟ್ಟುಕೊಳ್ಳುತ್ತಾರೆ. ಕೊನೆಯ ಕಂತು ಕೊಡುವ ಮೊದಲು ಬರೆಸಿಕೊಳ್ಳಿ.