ಕೂಪನ್ ಬಿಡಿ, ಕಲ್ಲಿದ್ದಲು ವ್ಯಾಪಾರಿಯ ಬಾಗಿಲಿಗೆ ಬನ್ನಿ

ನಮಸ್ಕಾರ.

ನಿಮ್ಮ ‘ಕಳೆದ ಕೂಪನ್’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ತಿದ್ದಿ ಮತ್ತೆ ಕಳಿಸಬೇಕು ಅಂತ ನನಗೆ ಆಸೆಯಿದೆ. ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ.

1942ರ ಚಳಿಗಾಲ, ಲಂಡನ್. ಗಂಡ ಯುದ್ಧಕ್ಕೆ ಹೋಗಿದ್ದಾನೆ. ಹೆಂಡತಿ ಕಲ್ಲಿದ್ದಲಿನ ಪಡಿತರ ಕೂಪನ್ ಕಳೆದುಕೊಳ್ಳುತ್ತಾಳೆ, ಮಕ್ಕಳು ಚಳಿಯಲ್ಲಿ ನಡುಗುತ್ತವೆ. ಇದು ನಿಮ್ಮ ಕಥೆ. ತೊಂದರೆ ಏನೆಂದರೆ, ಅಲ್ಲಿ ಬೆಣ್ಣೆಗೆ, ಸಕ್ಕರೆಗೆ, ಬಟ್ಟೆಗೆ ಕೂಪನ್ ಇತ್ತು, ಕಲ್ಲಿದ್ದಲಿಗೆ ಇರಲಿಲ್ಲ. ತರುವ ಪ್ರಯತ್ನವೇನೋ ಆ ವರ್ಷ ನಡೆದಿತ್ತು. ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಯೋಜನೆ ತಯಾರಿಸಿದರು, ಮಂತ್ರಿ ಹ್ಯೂ ಡಾಲ್ಟನ್ ಮುಂದಿಟ್ಟರು. ಕನ್ಸರ್ವೇಟಿವ್ ಪಕ್ಷದ ಸಂಸತ್ ಸದಸ್ಯರು ಬಲವಾಗಿ ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ನಿಮ್ಮ ಇಡೀ ಕಥೆ ನಿಂತಿರುವುದು ಆ ಚೀಟಿಯ ಮೇಲೆ. ಹಾಗಾಗಿ ಒಂದೆರಡು ಪದ ಬದಲಿಸಿದರೆ ಸಾಲದು.

ನಿಜವಾಗಿ ನಡೆದದ್ದರಲ್ಲಿ ಇನ್ನೂ ಗಟ್ಟಿಯಾದ ಕಥೆಯಿದೆ. ಪ್ರತಿ ಮನೆಯೂ ಒಬ್ಬ ವ್ಯಾಪಾರಿಯ ಹತ್ತಿರ ಹೆಸರು ಬರೆಸಬೇಕಿತ್ತು. ಇಷ್ಟಕ್ಕಿಂತ ಜಾಸ್ತಿ ಕೊಡಬಾರದು ಅಂತ ಸರ್ಕಾರ ಮಿತಿ ಹಾಕಿತ್ತು. ಆದರೆ ಅಷ್ಟು ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಇರಲಿಲ್ಲ. ಬಂದ ಗಾಡಿಯಲ್ಲಿ ಮೊದಲ ಮೂಟೆ ಯಾರ ಮನೆಗೆ ಇಳಿಯಿತು? ಆ ತಾಯಿ ವ್ಯಾಪಾರಿಯ ಹತ್ತಿರ ಯಾವ ದನಿಯಲ್ಲಿ ಕೇಳಿದಳು? ಇದನ್ನು ಬರೆಯಿರಿ.

‘ಸರ್ಕಾರ ಬೆಲೆ ಹಿಡಿದಿಟ್ಟಿತ್ತು, ಬಡವರಿಗೆ ಆ ಚಿಂತೆ ಇರಲಿಲ್ಲ’ ಎಂಬ ಸಾಲನ್ನು ನಾನು ಒಪ್ಪಲಾರೆ. ಕಥೆಯ ಅಜ್ಜಿ ಮೊದಲ ಮಹಾಯುದ್ಧವನ್ನು ನೋಡಿದವಳು, ಅವಳನ್ನೇ ಕೇಳಿ. 1915ರಲ್ಲಿ ಬ್ರಿಟನ್ ಕಲ್ಲಿದ್ದಲಿಗೆ ಬೆಲೆ ಮಿತಿಯ ಕಾನೂನು ತಂದಿತು. ಯುದ್ಧಕ್ಕೆ ಮೊದಲಿದ್ದ ಬೆಲೆಯ ಮೇಲೆ ಟನ್ನಿಗೆ 4 ಷಿಲಿಂಗ್‌ವರೆಗೆ ಮಾತ್ರ ಏರಿಸಬಹುದಿತ್ತು. ಆದರೆ ಅದು ಗಣಿಯ ಬಾಯಲ್ಲಿನ ಬೆಲೆ. ಮನೆ ಬಾಗಿಲಿನ ಬೆಲೆ ಆ ಕಾನೂನಿಗೆ ಒಳಪಟ್ಟಿರಲಿಲ್ಲ. ನೆಲಮಾಳಿಗೆ ಇದ್ದವರು ಬೇಸಿಗೆಯಲ್ಲೇ ಟನ್ನುಗಟ್ಟಲೆ ತುಂಬಿಸಿಕೊಳ್ಳುತ್ತಿದ್ದರು. ಒಂದೇ ಕೋಣೆಯಲ್ಲಿ ಬದುಕುವವರು ಎಲ್ಲಿಡಬೇಕು? ತಳ್ಳುಗಾಡಿಯಿಂದ ಚಿಲ್ಲರೆಯಾಗಿ ಕೊಂಡು, ಅದೇ ಕಲ್ಲಿದ್ದಲಿಗೆ ಜಾಸ್ತಿ ದುಡ್ಡು ಕೊಡುತ್ತಿದ್ದರು. ತಿಂಗಳ ಸಾಮಾನು ಒಟ್ಟಿಗೆ ತರಲಾಗದವರ ಕಷ್ಟ ನಮಗೂ ಗೊತ್ತಲ್ವಾ? ಅಜ್ಜಿಯ ಬಾಯಲ್ಲಿ ಈ ಲೆಕ್ಕ ಬಂದರೆ ಕಥೆಗೆ ಜೀವ ಬರುತ್ತದೆ.

ಕೊರತೆಗೆ ಬಾಂಬೊಂದೇ ಕಾರಣ ಅಂತ ಬರೆದಿದ್ದೀರಿ. ಅಗೆಯುವ ಕೈಗಳೇ ಸಾಲದೆ ಹೋದದ್ದು ದೊಡ್ಡ ಕಾರಣ. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಕಲ್ಲಿದ್ದಲಿನ ರಫ್ತು ಬಹುತೇಕ ನಿಂತಿತು, ಕೆಲಸ ಹೋದ ಗಣಿ ಕಾರ್ಮಿಕರು ಸೈನ್ಯಕ್ಕೆ, ಕಾರ್ಖಾನೆಗೆ ಹೊರಟುಹೋದರು. ಕೊನೆಗೆ 1943ರ ಡಿಸೆಂಬರಿನಿಂದ, ಸೈನ್ಯಕ್ಕೆ ಕರೆ ಬಂದ ಹುಡುಗರಲ್ಲೇ ಕೆಲವರನ್ನು ಚೀಟಿ ಎತ್ತಿ ಗಣಿಗೆ ಕಳಿಸಬೇಕಾಯಿತು. ನಿಮ್ಮ ಕಥೆಗೆ ಇದು ಒಂದು ಸಾಲು ಸಾಕು.

ಇನ್ನೊಂದು ಮಾತು. ನಿಮ್ಮ ಲಂಡನ್ ತಾಯಿ ಊದುಕೊಳವೆ ಹಿಡಿದಿದ್ದಾಳೆ. ಅದು ನಮ್ಮ ಸೌದೆ ಒಲೆಯದ್ದು. ಅಲ್ಲಿ ಬೆಂಕಿಗೂಡಿನ ಬಾಯಿಗೆ ದಿನಪತ್ರಿಕೆಯ ಹಾಳೆ ಅಡ್ಡ ಹಿಡಿಯುತ್ತಿದ್ದರು. ಗಾಳಿ ಕೆಳಗಿನಿಂದ ಎಳೆದುಕೊಂಡು ಕಲ್ಲಿದ್ದಲು ಹೊತ್ತಿಕೊಳ್ಳುತ್ತಿತ್ತು.

ಚಿಕ್ಕ ಮಗಳು ಮಲಗುವ ಮುಂಚೆ ಬಕೆಟ್ಟಿನ ತುಂಡುಗಳನ್ನು ಎಣಿಸುವ ದೃಶ್ಯವಿದೆಯಲ್ಲ, ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ತಿದ್ದಿದ ಪ್ರತಿಗೆ ಕಾಯುತ್ತಿರುತ್ತೇನೆ.