ಮನೆಯ ತೊಟ್ಟಿಯಿಂದ ಹವಳದ ದಿಬ್ಬಗಳಿಗೆ ನೆರವಾಗುವುದು ಹೇಗೆ?

ಮನೆಯ ತೊಟ್ಟಿಯಲ್ಲಿ ಹವಳ ಬೆಳೆಸಿ ಮುಂದೊಂದು ದಿನ ಸಮುದ್ರಕ್ಕೆ ಮರಳಿಸಬೇಕೆಂಬ ನಿಮ್ಮ ಆಸೆಯನ್ನೂ, ಟ್ಯಾಂಗ್ ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡಿರುವುದರಿಂದ ಸದ್ಯಕ್ಕೆ ಒಂದು ಕ್ಲೀನರ್ ರಾಸ್ ಮೀನನ್ನು ತಂದು ಬಿಡುವ ಯೋಚನೆಯನ್ನೂ ಓದಿದಾಗ, ಹನ್ನೊಂದು ವರ್ಷಗಳ ಹಿಂದಿನ ನನ್ನನ್ನೇ ಕಂಡಂತಾಯಿತು. ನಿಮ್ಮ ಮುಖ್ಯ ಪ್ರಶ್ನೆ ಮೊದಲನೆಯದೇ ಆದರೂ ನಾನು ಎರಡನೆಯದರಿಂದ ಆರಂಭಿಸುತ್ತೇನೆ. ಏಕೆಂದರೆ ಮೊದಲನೆಯದಕ್ಕೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿಂದಲೇ.

ಆಗ ನನ್ನ ತೊಟ್ಟಿಗೆ ಎಂಟು ತಿಂಗಳು ತುಂಬಿತ್ತು. ಹಳದಿ ಟ್ಯಾಂಗ್ ಒಂದನ್ನು ತಂದ ದಿನವೇ, ಚೀಲದ ನೀರನ್ನು ತೊಟ್ಟಿಯ ನೀರಿಗೆ ಹೊಂದಿಸಿ, ಉಳಿದ ಮೀನುಗಳ ನಡುವೆ ನೇರವಾಗಿ ಬಿಟ್ಟೆ. ಐದನೆಯ ದಿನ ಅದರ ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಚುಕ್ಕೆಗಳೆದ್ದವು. ಕ್ಲೀನರ್ ರಾಸ್ ಬೇರೆ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿನ್ನುತ್ತದೆ, ಬಿಳಿ ಚುಕ್ಕೆಗೆ ಕಾರಣವೂ ಪರಾವಲಂಬಿಯೇ, ಆದ್ದರಿಂದ ರಾಸ್ ಬಂದರೆ ರೋಗ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಈ ಲೆಕ್ಕ ತಪ್ಪಿದ್ದು ಎಲ್ಲಿ ಎಂಬುದನ್ನು ನಾನು ಬಿಡಿಸಿ ಹೇಳಲೇಬೇಕು.

ರಾಸ್ ಸಮುದ್ರದಲ್ಲಿ ಮುಖ್ಯವಾಗಿ ತಿನ್ನುವುದು ನೇಥಿಯಿಡ್ ಎಂಬ ಸಣ್ಣ ಜೀವಿಗಳ ಮರಿಗಳನ್ನು. ಅವು ಮೀನಿನ ಮೈಗೆ ಹೊರಗಿನಿಂದ ಅಂಟಿಕೊಂಡು ರಕ್ತ ಹೀರುವುದರಿಂದ ರಾಸ್‌ನ ಬಾಯಿಗೆ ಸಿಗುತ್ತವೆ. ಬಿಳಿ ಚುಕ್ಕೆಯನ್ನು ತರುವ ಕ್ರಿಪ್ಟೊಕೇರಿಯಾನ್ ಏಕಕೋಶ ಜೀವಿಯಾಗಿದ್ದು, ಚರ್ಮದ ಮೇಲ್ಪದರದ ಅಡಿಗೆ ಹೊಕ್ಕು ಕೂರುತ್ತದೆ. ಅಲ್ಲಿಗೆ ರಾಸ್‌ನ ಹಲ್ಲು ತಲುಪುವುದಿಲ್ಲ. ಅದು ಕೆಲವು ದಿನ ಅಲ್ಲೇ ಉಂಡು ಬೆಳೆದು, ತಾನಾಗಿಯೇ ಉದುರಿ, ಮರಳಿಗೋ ಕಲ್ಲಿಗೋ ಅಂಟಿ, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು, ಒಳಗೊಳಗೇ ಒಡೆದು ನೂರಾರಾಗಿ, ಮತ್ತೆ ಮೀನನ್ನು ಹುಡುಕುತ್ತಾ ನೀರಿಗಿಳಿಯುತ್ತದೆ. ನಾನು ರಾಸ್ ತಂದ ವಾರದಲ್ಲೇ ಚುಕ್ಕೆಗಳು ಉದುರಿದ್ದರಿಂದ, ರಾಸ್‌ನಿಂದಲೇ ಗುಣವಾಯಿತೆಂದು ನಂಬಿದೆ. ಉದುರುವುದು ರೋಗದ ಸಹಜ ಹಂತವೆಂಬುದು ನನಗೆ ತಿಳಿದಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಎಲ್ಲ ಮೀನುಗಳ ಮೈಮೇಲೂ ಚುಕ್ಕೆಗಳಿದ್ದವು.

ಇನ್ನು ಆ ರಾಸ್‌ನ ಕಥೆ. ಐದು ಮೀನುಗಳ ತೊಟ್ಟಿಯಲ್ಲಿ ಅದರ ಹೊಟ್ಟೆ ತುಂಬುವಷ್ಟು ಕೆಲಸವೇ ಇರಲಿಲ್ಲ, ಹಾಕಿದ ಆಹಾರವನ್ನು ಅದು ಮೂಸಿಯೂ ನೋಡಲಿಲ್ಲ. ಗಾಜು ಒರೆಸಲು ನಾನು ಕೈಯಿಳಿಸಿದರೆ ಓಡಿ ಬಂದು ಉಗುರಿನ ಬದಿಯ ಒಣಚರ್ಮವನ್ನು ಕುಟುಕುತ್ತಿತ್ತು. ಅದು ನನ್ನನ್ನು ಹಚ್ಚಿಕೊಂಡಿದೆಯೆಂದು ಸಂತೋಷಪಟ್ಟೆ, ಅದು ಹಸಿದಿತ್ತು. ಐದನೆಯ ವಾರಕ್ಕೆ ಹೊಟ್ಟೆ ಒಳಕ್ಕೆ ಸೇರಿ, ತಲೆಯ ಹಿಂದಿನ ಮಾಂಸ ಕರಗಿ, ಮೈಗಿಂತ ತಲೆಯೇ ದೊಡ್ಡದಾಗಿ ಕಾಣತೊಡಗಿತು. ಅದು ಸತ್ತ ಮೇಲೆ ಇನ್ನೊಂದನ್ನು ತಂದೆ, ಅದೂ ಸತ್ತ ಮೇಲೆ ಮತ್ತೊಂದನ್ನು ತಂದೆ. ಟ್ಯಾಂಗ್‌ನ ಜೊತೆಗೆ ಮೂರು ರಾಸ್‌ಗಳು ನನ್ನ ಕೈಯಲ್ಲಿ ಹೋದವು, ಆ ಮೂರನ್ನೂ ಹವಳದ ದಿಬ್ಬದಿಂದ ಹಿಡಿದು ತಂದಿದ್ದರು.

ಆಮೇಲೆ ಓದಿ ತಿಳಿದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಸಂಶೋಧಕಿ ಅಲೆಕ್ಸಾಂಡ್ರಾ ಗ್ರಟರ್ ಅವರು ಲೆಕ್ಕ ಹಾಕಿದಂತೆ, ಒಂದೇ ಒಂದು ಕ್ಲೀನರ್ ರಾಸ್ ದಿನಕ್ಕೆ ಸುಮಾರು 1,200 ಪರಾವಲಂಬಿಗಳನ್ನು ತಿನ್ನುತ್ತದೆ. ಅದೇ ದ್ವೀಪದ ಕೆಲವು ಸಣ್ಣ ದಿಬ್ಬಗಳಿಂದ ಈ ರಾಸ್‌ಗಳನ್ನು ಎಂಟೂವರೆ ವರ್ಷಗಳ ಕಾಲ ದೂರವಿಟ್ಟು ನೋಡಿದಾಗ, ಅಲ್ಲಿ ನೆಲೆಸಿರುವ ಮೀನುಗಳ ಸಂಖ್ಯೆ ಶೇಕಡಾ 37ರಷ್ಟೂ, ಜಾತಿಗಳ ಸಂಖ್ಯೆ ಶೇಕಡಾ 23ರಷ್ಟೂ ಕಡಿಮೆಯಾಗಿದ್ದುದು 2011ರಲ್ಲಿ ಪ್ರಕಟವಾಯಿತು. ದಿಬ್ಬದ ಮೇಲಿನ ಪ್ರೀತಿಯಿಂದ ತೊಟ್ಟಿ ಕಟ್ಟಿದ ನಾನು, ದಿಬ್ಬವನ್ನು ಕಾಯುತ್ತಿದ್ದ ಮೂರು ಜೀವಗಳನ್ನೇ ಅಲ್ಲಿಂದ ಕೀಳಿಸಿದ್ದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ತೊಟ್ಟಿಯ ಹವಳವನ್ನು ಎಂದಿಗೂ ಸಮುದ್ರಕ್ಕೆ ಬಿಡಬೇಡಿ. ಬೇರೆ ಬೇರೆ ಸಾಗರಗಳ ಜೀವಿಗಳು ಒಂದೇ ನೀರಿನಲ್ಲಿ ಬೆರೆತಿರುವ ತೊಟ್ಟಿಯಿಂದ ಯಾವ ರೋಗಾಣು, ಯಾವ ಪಾಚಿ ಅದರ ಜೊತೆಗೆ ಹೊರಡುತ್ತದೆಂದು ನಿಮಗಾಗಲಿ ನನಗಾಗಲಿ ಗೊತ್ತಾಗುವುದಿಲ್ಲ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕಾಲರ್ಪಾ ಎಂಬ ಹಸಿರು ಪಾಚಿ 1984ರಲ್ಲಿ ಮೊನಾಕೊದ ಕರಾವಳಿಯಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಹರಡಿತು. ಇಂಡೋ-ಪೆಸಿಫಿಕ್‌ನ ಲಯನ್‌ಫಿಶ್ 1985ರಲ್ಲಿ ಫ್ಲೋರಿಡಾದ ಬಳಿ ಕಂಡು, ಈಗ ಕೆರಿಬಿಯನ್ ದಿಬ್ಬಗಳ ಮರಿಮೀನುಗಳನ್ನು ನುಂಗುತ್ತಿದೆ. ಇದಲ್ಲದೆ ಇಂದು ದಿಬ್ಬಗಳು ಬೆಳ್ಳಗಾಗುತ್ತಿರುವುದಕ್ಕೆ ಕಾರಣ ಹವಳದ ತುಂಡುಗಳ ಕೊರತೆಯಲ್ಲ. ನೀರು ಕಾದಾಗ ಹವಳಗಳು ತಮಗೆ ಅನ್ನ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತವೆ, ಹಾಗೆಯೇ ಬಹುಕಾಲ ಉಳಿದರೆ ಸಾಯುತ್ತವೆ. ನೀವು ಕೊಂಡೊಯ್ದು ನೆಟ್ಟ ಹವಳವೂ ಅದೇ ಬಿಸಿನೀರಿನಲ್ಲೇ ನಿಲ್ಲಬೇಕಲ್ಲವೇ?

ಹವಳಗಳ ಪುನಃಸ್ಥಾಪನೆ ಆಯಾ ದಿಬ್ಬದ ಹವಳವನ್ನೇ ರೋಗಪರೀಕ್ಷೆ ಮಾಡಿ ನೆಡುವ ಸಂಸ್ಥೆಗಳ ಕೆಲಸ. ಅವರಿಗೆ ಹಣ ಕೊಡಿ. ತೊಟ್ಟಿಯಲ್ಲಿ ಕಲಿತ ವಿದ್ಯೆಯೂ ಅವರಿಗೆ ಒದಗುತ್ತದೆ ಎಂಬುದು ನನಗೆ ನಿಜವಾಗಿ ಸಂತೋಷ ಕೊಡುವ ಸಂಗತಿ: ಲಂಡನ್‌ನ ಹಾರ್ನಿಮನ್ ಮ್ಯೂಸಿಯಂನ ಅಕ್ವೇರಿಯಂನಲ್ಲಿ ಜೇಮೀ ಕ್ರ್ಯಾಗ್ಸ್ ಮತ್ತು ಸಂಗಡಿಗರು ದಿಬ್ಬದ ಋತುಮಾನದ ಉಷ್ಣತೆ, ಹಗಲಿನ ಅವಧಿ, ಬೆಳದಿಂಗಳು ಎಲ್ಲವನ್ನೂ ತೊಟ್ಟಿಯೊಳಗೆ ಮರುಸೃಷ್ಟಿಸಿ ಹವಳಗಳು ಮೊಟ್ಟೆ ಬಿಡುವಂತೆ ಮಾಡಿ, ಆ ವಿಧಾನವನ್ನು 2017ರಲ್ಲಿ ಪ್ರಕಟಿಸಿದರು.

ಮನೆಯ ಮಟ್ಟದಲ್ಲಿ ನಾನು ಹೇಳುವುದು ಒಂದೇ: ದಿಬ್ಬದಿಂದ ಹೊಸ ಜೀವವನ್ನು ತರಿಸಬೇಡಿ, ಬಂದಿರುವುದನ್ನು ಸಾಯಗೊಡಬೇಡಿ. ಸತ್ತ ಮೀನಿನ ಜಾಗಕ್ಕೆ ಮತ್ತೊಂದನ್ನು ಕೊಂಡಾಗಲೆಲ್ಲ ಎಲ್ಲೋ ಒಂದು ಬಲೆ ಮತ್ತೆ ನೀರಿಗಿಳಿಯುತ್ತದೆ. ಕೆಲವೆಡೆ ಬಲೆಯ ಜೊತೆಗೆ ಸಯನೈಡ್ ಕೂಡ, ಮತ್ತು ಅದು ಮೀನಿಗೆ ಮಂಪರು ಬರಿಸುವುದರ ಜೊತೆಗೆ ಸುತ್ತಲಿನ ಹವಳವನ್ನೂ ಕೊಲ್ಲುತ್ತದೆ. ಕ್ಲೌನ್ ಮೀನುಗಳನ್ನು ದಶಕಗಳಿಂದ ತೊಟ್ಟಿಗಳಲ್ಲೇ ಮರಿ ಮಾಡಿಸುತ್ತಿದ್ದಾರೆ. ಗಂಡುಮೀನೇ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವ ಬಾಂಗೈ ಕಾರ್ಡಿನಲ್, ಇಂಡೋನೇಷ್ಯಾದ ತನ್ನ ಕಿರಿದಾದ ನೆಲೆಯಲ್ಲಿ ವ್ಯಾಪಾರದಿಂದಲೇ ಸೊರಗಿ 2007ರಲ್ಲಿ ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿತು. ಅದೂ ಮನೆಯ ತೊಟ್ಟಿಯಲ್ಲಿ ಮರಿ ಮಾಡುತ್ತದೆ. ಹಳದಿ ಟ್ಯಾಂಗ್ ಅನ್ನೂ 2015ರಲ್ಲಿ ಹವಾಯಿಯಲ್ಲಿ ಮೊಟ್ಟೆಯಿಂದ ಬೆಳೆಸಿದರು. ಮೀನು ಎಲ್ಲಿ ಹುಟ್ಟಿತೆಂದು ಅಂಗಡಿಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಹವಳವನ್ನು ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದದ್ದರಿಂದ ತುಂಡಾಗಿ ಪಡೆಯಿರಿ, ನಿಮ್ಮದು ಬೆಳೆದಾಗ ಮತ್ತೊಬ್ಬರಿಗೆ ಕೊಡಿ. ನಾಲ್ಕು ಜಾತಿಯ ಹವಳಗಳನ್ನು ನಾನು ಹೀಗೆ ಹಂಚುತ್ತಾ ಬಂದಿದ್ದೇನೆ, ಒಂದನ್ನೂ ಸಮುದ್ರದಿಂದ ತರಿಸಿಲ್ಲ.

ಸದ್ಯಕ್ಕೆ ನಿಮ್ಮ ಟ್ಯಾಂಗ್ ಉಳಿಯಬೇಕು. ರಾಸ್ ತರುವ ಯೋಚನೆಯನ್ನು ಕೈಬಿಟ್ಟು, ಮರಳೂ ಕಲ್ಲೂ ಇಲ್ಲದ ಬೇರೊಂದು ತೊಟ್ಟಿಗೆ ಎಲ್ಲ ಮೀನುಗಳನ್ನೂ ಇಂದೇ ಸ್ಥಳಾಂತರಿಸಿ, ಚುಕ್ಕೆ ಕಾಣದ ಮೀನುಗಳನ್ನೂ ಬಿಡದೆ. ತಾಮ್ರದ ಔಷಧಿಯನ್ನು ಆ ತೊಟ್ಟಿಯಲ್ಲಿ ಮಾತ್ರ ಬಳಸಿ, ಅದರ ಪ್ರಮಾಣವನ್ನು ಪ್ರತಿದಿನ ಅಳೆಯಿರಿ. ಮುಖ್ಯ ತೊಟ್ಟಿಗೆ ಅದು ಸೇರಿದರೆ ಹವಳಗಳು ಸಾಯುತ್ತವೆ. ಮುಖ್ಯ ತೊಟ್ಟಿಯಲ್ಲಿ ಹವಳಗಳನ್ನು ಹಾಗೆಯೇ ಬಿಟ್ಟು, ಸುಮಾರು ಎರಡೂವರೆ ತಿಂಗಳು ಒಂದು ಮೀನನ್ನೂ ಬಿಡಬೇಡಿ. ಆಶ್ರಯ ಸಿಗದೆ ಆ ಏಕಕೋಶ ಜೀವಿಗಳು ಅಷ್ಟರಲ್ಲಿ ನಾಶವಾಗುತ್ತವೆ. ಆ ಎರಡನೆಯ ತೊಟ್ಟಿಯನ್ನು ಆಮೇಲೆ ತೆಗೆದಿಡಬೇಡಿ, ಮುಂದೆ ಬರುವ ಪ್ರತಿಯೊಂದು ಮೀನೂ ಮೊದಲು ಅಲ್ಲಿಗೇ ಇಳಿಯಲಿ.